ಜಿಯಾಲಜಿ ಓದಿ ಕೊಳಕು ನೀರಿನ ಹಿಂದೆ ಬಿದ್ದ ಕತೆ

ನಮ್ಮೂರು ಬಿಡದಿ ಹತ್ತಿರ, ಬೈರಮಂಗಲ ಕೆರೆಯ ಕೆಳಗಿನ ಬಯಲಲ್ಲಿದೆ. ಆ ಕೆರೆಗೆ ಬರುವುದು ವೃಷಭಾವತಿ ನೀರು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತು ಅಂತ ಹೇಳುವ ಹೊಳೆ ಅದು. ನಮ್ಮೂರಿಗೆ ಬರುವ ಹೊತ್ತಿಗೆ ಅರ್ಧ ಬೆಂಗಳೂರಿನ ಬಚ್ಚಲು, ಕಾರ್ಖಾನೆ ಎಲ್ಲ ಸೇರಿ ಕಪ್ಪಗಾಗಿ, ನೊರೆ ಕಟ್ಟಿಕೊಂಡಿರುತ್ತದೆ. ಹೊಳೆ ಅಂದರೆ ಹಾಗೇ ವಾಸನೆ ಬರುತ್ತದೆ ಅಂತಲೇ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಶೃಂಗೇರಿಗೆ ಶಾಲಾ ಪ್ರವಾಸ ಹೋದಾಗ ತುಂಗೆಯಲ್ಲಿ ಮೀನು ಕಂಡು ಬೆರಗಾಗಿ ನಿಂತವಳು ನಾನೊಬ್ಬಳೇ ಇರಬೇಕು.

ಹಾಗಂತ ಆ ನೀರನ್ನು ನಮ್ಮವರು ಬರೀ ಬೈಯುತ್ತಿರಲಿಲ್ಲ. ವರ್ಷವಿಡೀ ಹರಿಯುವ ನೀರು ಅದು. ಹಸುಗಳಿಗೆ ಹುಲ್ಲು, ಪೇಟೆಗೆ ಬೇಬಿ ಕಾರ್ನ್ ಎಲ್ಲ ಅದರಲ್ಲೇ ಬೆಳೆಯುತ್ತಿದ್ದರು. ಗೊಬ್ಬರದ ಖರ್ಚೂ ಕಡಿಮೆ. ತೊಂದರೆ ಶುರುವಾಗಿದ್ದು ನಮ್ಮ ಬಾವಿಯಲ್ಲಿ. ನಾನು ಪಿಯುಸಿ ಓದುವಾಗ ಆ ಬಾವಿ ನೀರಲ್ಲಿ ಬೇಳೆ ಬೇಯುವುದು ನಿಂತುಹೋಯಿತು. ಅಮ್ಮ ಕುಕ್ಕರಿನಲ್ಲಿ ಎಂಟು ವಿಷಲ್ ಹಾಕಿಸಿದರೂ ತೊಗರಿ ಬೇಳೆ ಕಲ್ಲಿನ ಹಾಗೆ. ಅಪ್ಪ ಬಾವಿ ಕಟ್ಟೆಯ ಮೇಲೆ ಕೂತು ಒಂದು ಪ್ರಶ್ನೆ ಕೇಳಿದರು: "ಕಾಲುವೆ ಅಲ್ಲಿದೆ, ಬಾವಿ ಇಲ್ಲಿದೆ. ಮಧ್ಯೆ ಕರಿ ಬಂಡೆ ಅಡ್ಡ ಇದೆ. ಆ ನೀರು ಇಲ್ಲಿಗೆ ಹೇಗೆ ಬಂತು?"

ಉತ್ತರ ಸಿಗಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ಜಿಯಾಲಜಿಗೆ ಸೇರಿದ್ದು ದೊಡ್ಡ ಕನಸು ಕಂಡೇನಲ್ಲ. ಎಂಜಿನಿಯರಿಂಗ್ ರ‍್ಯಾಂಕ್ ಚೆನ್ನಾಗಿ ಬರಲಿಲ್ಲ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿಎಸ್ಸಿಗೆ ಜಿಯಾಲಜಿ, ಕೆಮಿಸ್ಟ್ರಿ, ಮ್ಯಾಥ್ಸ್ ಕಾಂಬಿನೇಶನ್ ಖಾಲಿ ಇತ್ತು. ಸೇರಿದೆ. "ಹುಡುಗಿಗೆ ಕಲ್ಲು ಒಡೆಯೋಕೆ ಡಿಗ್ರಿ ಬೇಕಾ?" ಅಂತ ಚಿಕ್ಕಪ್ಪ ನಕ್ಕರು. ಈಗಲೂ ನಗುತ್ತಾರೆ, ಆದರೆ ಅವರ ಬೋರ್‌ವೆಲ್ ನೀರಿನ ರಿಪೋರ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ನನಗೇ.

ಆ ಕಾಂಬಿನೇಶನ್ ಅದೃಷ್ಟದ್ದು ಅಂತ ಆಮೇಲೆ ಗೊತ್ತಾಯಿತು. ನೀರು, ಮಣ್ಣಿನ ಮಾಲಿನ್ಯದ ಕೆಲಸಕ್ಕೆ ಹೋಗಬೇಕು ಅನ್ನುವವರು ಜಿಯಾಲಜಿ ಜೊತೆ ಕೆಮಿಸ್ಟ್ರಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬರೀ ಕಲ್ಲು ಗೊತ್ತಿದ್ದರೆ ಗಣಿಗೆ ಹೋಗಬಹುದು. ಬರೀ ಕೆಮಿಸ್ಟ್ರಿ ಗೊತ್ತಿದ್ದರೆ ಲ್ಯಾಬಿನಲ್ಲಿ ಕೂರಬಹುದು. ಎರಡೂ ಗೊತ್ತಿರುವವರು ಕಡಿಮೆ ಜನ. ಮ್ಯಾಥ್ಸ್ ನನಗೆ ಕಷ್ಟವಿತ್ತು. ಆದರೂ ಲಾಗರಿದಮ್, ಇಳಿಜಾರಿನ ಲೆಕ್ಕ, ಸ್ವಲ್ಪ ಸ್ಟಾಟಿಸ್ಟಿಕ್ಸ್ ಇಷ್ಟು ಬಂದರೆ ನಡೆಯುತ್ತದೆ.

ಮೊದಲ ವರ್ಷ ನಮ್ಮ ಮೇಷ್ಟ್ರು ಲಾಲ್‌ಬಾಗಿಗೆ ಕರೆದುಕೊಂಡು ಹೋದರು. ಕೆಂಪೇಗೌಡ ಗೋಪುರ ಇರುವ ಬಂಡೆ ಗೊತ್ತಲ್ಲ, ಎಲ್ಲರೂ ಕಡಲೆಕಾಯಿ ತಿನ್ನುತ್ತಾ ಫೋಟೋ ತೆಗೆಸಿಕೊಳ್ಳುವ ಜಾಗ. ಅದು ಪೆನಿನ್ಸುಲರ್ ಗ್ನೈಸ್ ಅನ್ನುವ ಗಟ್ಟಿ ಕಲ್ಲು. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬಿಳಿ, ಕಪ್ಪು ಪಟ್ಟೆಗಳು ಜಿಲೇಬಿ ಹಿಟ್ಟು ಕದಡಿದ ಹಾಗೆ ತಿರುಚಿಕೊಂಡಿರುತ್ತವೆ. ನಾವು ವಯಸ್ಸು, ಖನಿಜ ಅಂತ ಬರೆದುಕೊಳ್ಳುತ್ತಿದ್ದೆವು. ಮೇಷ್ಟ್ರು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಬಂಡೆ ಮೇಲೆ ಅರ್ಧ ಸುರಿದರು. ನೀರು ಸರ್ರನೆ ಜಾರಿಹೋಯಿತು. ಎರಡು ಹೆಜ್ಜೆ ಆ ಕಡೆ ಹೋಗಿ ಒಂದು ಬಿರುಕಿನ ಮೇಲೆ ಉಳಿದರ್ಧ ಸುರಿದರು. ನೀರು ಮಾಯ. "ಬೆಂಗಳೂರಿನ ಅಂತರ್ಜಲ ಇಷ್ಟೇ ಕಣ್ರಪ್ಪ" ಅಂದರು. ಪರೀಕ್ಷೆಗೆ ಓದಿದ್ದು ಎಷ್ಟೋ ಮರೆತಿದೆ, ಆ ಅರ್ಧ ಬಾಟಲಿ ಮರೆತಿಲ್ಲ.

ವಿಷಯ ಏನಂದರೆ, ನಮ್ಮ ಬಂಡೆಯೊಳಗೆ ನೀರು ಸ್ಪಂಜಿನಲ್ಲಿ ಇದ್ದ ಹಾಗೆ ಇರುವುದಿಲ್ಲ. ಮೇಲೆ ಕೆಲವು ಮೀಟರ್‌ನಿಂದ ಕೆಲವು ಹತ್ತು ಮೀಟರ್‌ವರೆಗೆ ಕೊಳೆತ ಕಲ್ಲಿನ ಪದರ. ಅದರ ಕೆಳಗೆ ಗಟ್ಟಿ ಗ್ನೈಸ್. ಅಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಅದಕ್ಕೇ ಒಂದು ಸೈಟಿನಲ್ಲಿ 300 ಅಡಿಗೆ ನೀರು ಸಿಕ್ಕರೆ ಪಕ್ಕದ ಸೈಟಿನಲ್ಲಿ 1,200 ಅಡಿ ಕೊರೆದರೂ ಬರೀ ಪುಡಿ ಬರುತ್ತದೆ. ಮಾಲಿನ್ಯವೂ ಹಾಗೇ. ಒಬ್ಬರ ಬೋರ್ ಕೆಟ್ಟಿರುತ್ತದೆ, ನಡುವೆ ಇರುವವರದು ಚೆನ್ನಾಗಿರುತ್ತದೆ, ಅದರಾಚೆಯದು ಮತ್ತೆ ಕೆಟ್ಟಿರುತ್ತದೆ. ನಕ್ಷೆಯ ಮೇಲೆ ಚಂದವಾಗಿ ವೃತ್ತ ಎಳೆದು "ಇಷ್ಟು ಜಾಗ ಕೆಟ್ಟಿದೆ" ಅನ್ನುವ ರಿಪೋರ್ಟ್ ಕಂಡರೆ ನನಗೆ ಅನುಮಾನ ಬರುತ್ತದೆ.

ಎಂಎಸ್ಸಿಗೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೆ ಸೇರಿದೆ. ದಿನಾ ಮೈಸೂರು ರಸ್ತೆಯ ಬಸ್ಸು. ಜನ ಕಿಟಕಿ ಮುಚ್ಚುವ ಕಡೆಯೇ ವೃಷಭಾವತಿ. ಊರಲ್ಲಿ ಕೊನೆಗೆ ನೋಡಿದ್ದ ನೀರನ್ನು ಇಲ್ಲಿ ನಡುದಾರಿಯಲ್ಲಿ ನೋಡುತ್ತಿದ್ದೆ. ಬೆಂಗಳೂರು ಒಂದು ದಿಬ್ಬದ ಮೇಲಿದೆ. ಪಶ್ಚಿಮಕ್ಕೆ ಬಿದ್ದ ನೀರು ವೃಷಭಾವತಿ, ಅರ್ಕಾವತಿ ಮೂಲಕ ಕಾವೇರಿಗೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆ ಹಿಡಿದು ದಕ್ಷಿಣ ಪಿನಾಕಿನಿಗೆ. ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು ಅಂತ 2015ರಲ್ಲಿ, 2017ರಲ್ಲಿ, 2018ರಲ್ಲಿ ಸುದ್ದಿಯಾಯಿತಲ್ಲ, ಅದು ಪೂರ್ವದ ಇಳಿಜಾರಿನ ಕತೆ. ನಮ್ಮದು ಪಶ್ಚಿಮದ್ದು. ಯಾರೂ ಟಿವಿ ಕ್ಯಾಮೆರಾ ತರಲಿಲ್ಲ.

ಎಂಎಸ್ಸಿಯಲ್ಲಿ ನನಗೆ ಅನ್ನ ಕೊಟ್ಟ ವಿಷಯಗಳು ಎರಡು: ಹೈಡ್ರೋಜಿಯಾಲಜಿ (ನೆಲದೊಳಗಿನ ನೀರಿನ ಪಾಠ) ಮತ್ತು ಜಿಯೋಕೆಮಿಸ್ಟ್ರಿ (ಕಲ್ಲು, ಮಣ್ಣಿನ ರಸಾಯನ). ಖನಿಜಗಳ ಪಾಠವಾದ ಮಿನರಾಲಜಿಯನ್ನು ಬೇಜಾರಿನಿಂದಲೇ ಓದಿದೆ. ಆಮೇಲೆ ಅದೇ ಉಪಯೋಗಕ್ಕೆ ಬಂತು. ಫೆಲ್ಡ್‌ಸ್ಪಾರ್ ಕೊಳೆತು ಕೆಯೋಲಿನ್ ಜೇಡಿ ಆಗುತ್ತದೆ, ಕಬ್ಬಿಣದ ಆಕ್ಸೈಡ್ ಮಣ್ಣನ್ನು ಕೆಂಪು ಮಾಡುತ್ತದೆ ಅಂತ ಗೊತ್ತಿಲ್ಲದಿದ್ದರೆ, ಯಾವ ಲೋಹ ಮಣ್ಣಿಗೆ ಅಂಟಿಕೊಳ್ಳುತ್ತದೆ, ಯಾವುದು ನೀರಿನ ಜೊತೆ ಓಡಿಹೋಗುತ್ತದೆ ಅಂತ ಹೇಳಲಾಗುವುದಿಲ್ಲ. ಪಳೆಯುಳಿಕೆಗಳ ಪಾಠ ಮಾತ್ರ ಇವತ್ತಿನವರೆಗೂ ಕೆಲಸಕ್ಕೆ ಬಂದಿಲ್ಲ. ಕ್ಷಮಿಸಿ, ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ.

ಡಾರ್ಸಿ ನಿಯಮದ ಬಗ್ಗೆ ಒಂದು ಮಾತು. ಹೆನ್ರಿ ಡಾರ್ಸಿ ಅನ್ನುವ ಫ್ರೆಂಚ್ ಎಂಜಿನಿಯರ್ ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ 1856ರಲ್ಲಿ ಪ್ರಕಟಿಸಿದ ನಿಯಮ ಅದು. ಎಲ್ಲರೂ ಬಾಯಿಪಾಠ ಮಾಡುತ್ತಾರೆ, ಎಲ್ಲರೂ ಒಂದೇ ಕಡೆ ಎಡವುತ್ತಾರೆ. ನಾನೂ ಎಡವಿದೆ. ಮಣ್ಣಿನ ವಾಹಕತೆ, ಅಂದರೆ ಮಣ್ಣು ನೀರನ್ನು ಎಷ್ಟು ಸಲೀಸಾಗಿ ಹಾಯಲು ಬಿಡುತ್ತದೆ ಅನ್ನುವ ಅಳತೆ, ದಿನಕ್ಕೆ 1 ಮೀಟರ್, ನೀರಿನ ಮಟ್ಟದ ಇಳಿಜಾರು ನೂರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಗುಣಿಸಿದರೆ ದಿನಕ್ಕೆ 0.01 ಮೀಟರ್, ವರ್ಷಕ್ಕೆ 3.65 ಮೀಟರ್. "ಓಹ್, ಕೊಳಕು ನಿಧಾನಕ್ಕೆ ಬರುತ್ತದೆ" ಅಂದುಕೊಳ್ಳುತ್ತೇವೆ. ತಪ್ಪು. ನೀರು ಹರಿಯುವುದು ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಮಾತ್ರ. ಆ ಸಂದಿಯ ಪಾಲಿನಿಂದ ಭಾಗಿಸಬೇಕು. ಸಂದಿ ನೂರಕ್ಕೆ ಹತ್ತಿದ್ದರೆ ವರ್ಷಕ್ಕೆ 36.5 ಮೀಟರ್. ಬಿರುಕು ಬಿಟ್ಟ ಬಂಡೆಯಲ್ಲಿ ಸಂದಿ ನೂರಕ್ಕೆ ಒಂದೇ ಇದ್ದರೆ? ವರ್ಷಕ್ಕೆ 365 ಮೀಟರ್. ಸಂದಿ ಕಡಿಮೆಯಾದಷ್ಟೂ ಅದೇ ನೀರು ಜೋರಾಗಿ ಓಡುತ್ತದೆ. ಪೈಪಿನ ಬಾಯಿಗೆ ಬೆರಳು ಒತ್ತಿ ಹಿಡಿದ ಹಾಗೆ. ಒಂದು ಭಾಗಾಕಾರ ಬಿಟ್ಟರೆ ಒಂದು ಬೀದಿಯ ಲೆಕ್ಕವೇ ತಪ್ಪುತ್ತದೆ.

ಡಿಸರ್ಟೇಶನ್‌ಗೆ ಸರ್ಜಾಪುರ ಕಡೆಯ ತೆರೆದ ಬಾವಿಗಳನ್ನು ತೆಗೆದುಕೊಂಡೆ. ಅಲ್ಲಿ ಬಾವಿ ತೋಡುವ ಒಬ್ಬರು ಅಜ್ಜ ಸಿಕ್ಕರು. ಮಣ್ಣು ವಡ್ಡರ ಮನೆತನ. ಶಾಲೆಗೆ ಹೋದವರಲ್ಲ. ನಾನು ಮನ್ಸೆಲ್ ಬಣ್ಣದ ಚಾರ್ಟ್ ಹಿಡಿದು ಮಣ್ಣಿನ ಬಣ್ಣಕ್ಕೆ ನಂಬರ್ ಹುಡುಕುತ್ತಾ ನಿಂತಿದ್ದೆ. ಅವರು ಇಪ್ಪತ್ತು ಅಡಿ ಆಳದಿಂದ ಬಂದ ಮಕ್ಕರಿಯಿಂದ ಒಂದು ಹಿಡಿ ಮಣ್ಣು ತೆಗೆದರು. ಮುಷ್ಟಿಯಲ್ಲಿ ಹಿಂಡಿದರು. ಬೆರಳು ಬಿಡಿಸಿದಾಗ ಉಂಡೆ ನಿಂತಿತು, ತಟ್ಟಿದಾಗ ಒಡೆಯಿತು. ಹೆಬ್ಬೆರಳಿಂದ ಉಜ್ಜಿ ಕಿವಿ ಹತ್ತಿರ ಹಿಡಿದರು. ಗರಗರ ಸದ್ದು. "ಗರಸು ಬಂತಮ್ಮ. ಜೇಡೀಲಿ ನೀರು ಕೂರ್ತದೆ, ಗರಸಲ್ಲಿ ಓಡ್ತದೆ. ಇನ್ನು ನಾಕಡಿಗೆ ಕೊಳೆತ ಕಲ್ಲು, ಅಲ್ಲಿ ಕಣ್ಣು ಬಿಡ್ತದೆ" ಅಂದರು. ಕಣ್ಣು ಅಂದರೆ ಜಲದ ಕಣ್ಣು, ಒರತೆ. ಐದನೇ ಅಡಿಗೆ ಬಿಟ್ಟಿತು. ಒಂದಡಿ ತಪ್ಪಿತು ಅಂತ ಅಜ್ಜ ಬೇಜಾರು ಮಾಡಿಕೊಂಡರು.

ಆ ಸಂಜೆ ನನ್ನ ಫೀಲ್ಡ್ ನೋಟ್‌ಬುಕ್ಕಿನಲ್ಲಿ ಅವರ ಪದಗಳನ್ನೇ ಬರೆದುಕೊಂಡೆ: ಕೆಮ್ಮಣ್ಣು, ಗರಸು, ಕೊಳೆತ ಕಲ್ಲು, ಗಟ್ಟಿ. ಇವತ್ತಿಗೂ ಫೀಲ್ಡಿನಲ್ಲಿ ಹೀಗೇ ಬರೆಯುತ್ತೇನೆ. ರಿಪೋರ್ಟಿಗೆ ಹೋಗುವಾಗ ಇಂಗ್ಲಿಷ್ ಹೆಸರು ಹಾಕುತ್ತೇನೆ. ತೆಂಗಿನಕಾಯಿ ಹಿಡಿದು ನೀರು ನೋಡುವವರ ಬಗ್ಗೆ ಮಾತ್ರ ನನಗೆ ಈ ಗೌರವ ಇಲ್ಲ. ನಾಲ್ಕು ಸರಳು ನೆಟ್ಟು ಕರೆಂಟ್ ಹರಿಸಿ ರೆಸಿಸ್ಟಿವಿಟಿ (ನೆಲ ಕರೆಂಟಿಗೆ ಒಡ್ಡುವ ತಡೆ) ನೋಡುವ ನಮ್ಮ ಸರ್ವೆಯೂ ಕೆಲವೊಮ್ಮೆ ಫೇಲ್ ಆಗುತ್ತದೆ, ನಿಜ. ಆದರೆ ಯಾಕೆ ಫೇಲ್ ಆಯಿತು ಅಂತ ಹೇಳುತ್ತೇವೆ, ಅಲ್ವಾ?

ಓದು ಮುಗಿದ ಮೇಲೆ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕೆಲಸ. ಸಂಬಳ 14,000. ಪಿಜಿ ಬಾಡಿಗೆ ಕಳೆದರೆ ಉಳಿಯುವುದು ಬಸ್ ಪಾಸಿಗೆ. ನನ್ನ ಕೆಲಸ ಸ್ಯಾಂಪಲ್ ತರುವುದು. ಎಂಎಸ್ಸಿ ಮಾಡಿ ಬಾಟಲಿ ಹೊರುವುದಾ ಅಂತ ಮೊದಲ ತಿಂಗಳು ಸಿಟ್ಟಿತ್ತು. ಒಂದು ಬಾಟಲಿ ಆ ಸಿಟ್ಟು ಇಳಿಸಿತು.

ಪೀಣ್ಯದಲ್ಲಿ ಒಂದು ಬೋರ್‌ವೆಲ್. ಬಿಳಿ ಬಕೆಟ್ಟಿಗೆ ನೀರು ಬಿಟ್ಟರೆ ತಿಳಿ ಹಳದಿ, ನಿಂಬೆ ಶರಬತ್ತಿನ ಹಾಗೆ. ಪೀಣ್ಯದಲ್ಲಿ ಎಲೆಕ್ಟ್ರೋಪ್ಲೇಟಿಂಗ್, ಅಂದರೆ ಲೋಹದ ಲೇಪ ಹಾಕುವ ಘಟಕಗಳು ಜಾಸ್ತಿ, ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಹಳೆಯ ಸಂಗತಿ. ನಾನು ಎರಡು ಬಾಟಲಿ ತುಂಬಿಸಿದೆ. ಒಂದು ಒಟ್ಟು ಲೋಹಗಳಿಗೆ, ಇನ್ನೊಂದು ಹೆಕ್ಸಾವೇಲೆಂಟ್ ಕ್ರೋಮಿಯಂಗೆ, ಅಂದರೆ ಕ್ರೋಮಿಯಂನ ವಿಷದ ರೂಪಕ್ಕೆ. ಲೋಹದ ಸ್ಯಾಂಪಲ್‌ಗೆ ನೈಟ್ರಿಕ್ ಆ್ಯಸಿಡ್ ಹಾಕಿ ಪಿಎಚ್ 2ಕ್ಕಿಂತ ಕೆಳಗೆ ಇಳಿಸಬೇಕು, ಇಲ್ಲವಾದರೆ ಲೋಹ ಬಾಟಲಿಯ ಗೋಡೆಗೆ ಅಂಟಿಬಿಡುತ್ತದೆ ಅಂತ ಕಲಿತಿದ್ದೆ. ಜಾಣತನ ತೋರಿಸಲು ಎರಡಕ್ಕೂ ಹಾಕಿದೆ.

ರಿಪೋರ್ಟ್ ಬಂತು. ಒಟ್ಟು ಕ್ರೋಮಿಯಂ ಲೀಟರಿಗೆ 2.1 ಮಿಲಿಗ್ರಾಂ. ಹೆಕ್ಸಾವೇಲೆಂಟ್: ಪತ್ತೆಯಾಗಿಲ್ಲ. ನಮ್ಮ ಸೀನಿಯರ್ ಕಾಗದ ನೋಡಿ, ನನ್ನ ಮುಖ ನೋಡಿ, "ನೀರು ಯಾವ ಬಣ್ಣ ಇತ್ತು?" ಅಂತ ಕೇಳಿದರು. ಹಳದಿ ಅಂದೆ. "ಹಳದಿ ಬಣ್ಣ ಕೊಟ್ಟಿದ್ದೇ ಹೆಕ್ಸಾವೇಲೆಂಟ್. ಅದು ಇಲ್ಲ ಅಂದರೆ ಬಣ್ಣ ಎಲ್ಲಿಂದ ಬಂತಮ್ಮಾ?"

ಆ್ಯಸಿಡ್ ಬಿದ್ದರೆ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿರುವ ಸಾವಯವ ಪದಾರ್ಥದ ಜೊತೆ ಸೇರಿ, ಅಷ್ಟು ಅಪಾಯವಿಲ್ಲದ ಟ್ರೈವೇಲೆಂಟ್ ರೂಪಕ್ಕೆ ಬದಲಾಗುತ್ತದೆ. ಅದಕ್ಕೆ ಆ್ಯಸಿಡ್ ಹಾಕಲೇಬಾರದು. ಸೋಸಿ, ಐಸ್ ಪೆಟ್ಟಿಗೆಯಲ್ಲಿಟ್ಟು, 24 ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು. ನಾನೇ ವಿಷವನ್ನು ಬಾಟಲಿಯೊಳಗೆ ಅಳಿಸಿ ಹಾಕಿದ್ದೆ. ಆ ರಿಪೋರ್ಟ್ ಹಾಗೇ ಹೋಗಿದ್ದರೆ ಆ ನೀರಿನಲ್ಲಿ ಅಪಾಯದ ಕ್ರೋಮಿಯಂ ಇಲ್ಲ ಅಂತ ಕಾಗದದ ಮೇಲೆ ಆಗಿಬಿಡುತ್ತಿತ್ತು. ಮರುದಿನ ನನ್ನದೇ ಖರ್ಚಿನಲ್ಲಿ ಹೋಗಿ ಮತ್ತೆ ತಂದೆ. ಈ ಸಲ ಲ್ಯಾಬಿನಲ್ಲೇ ನಿಂತು ನೋಡಿದೆ. ಹೆಕ್ಸಾವೇಲೆಂಟ್ ಪತ್ತೆ ಮಾಡುವ ಡೈಫೀನೈಲ್ ಕಾರ್ಬಜೈಡ್ ಹನಿ ಬಿದ್ದ ಕೂಡಲೇ ನೇರಳೆ ಕೆಂಪು. 1.9 ಮಿಲಿಗ್ರಾಂ. ಕುಡಿಯುವ ನೀರಿನ ನಮ್ಮ ಮಾನಕ ಐಎಸ್ 10500 ಪ್ರಕಾರ ಒಟ್ಟು ಕ್ರೋಮಿಯಂ 0.05 ದಾಟಬಾರದು.

ಕ್ರೋಮಿಯಂ ಯಾಕೆ ಅಷ್ಟು ದೂರ ಹೋಗಿತ್ತು ಅನ್ನುವುದು ಜಿಯಾಲಜಿ ಓದಿದ್ದರಿಂದ ಅರ್ಥವಾಯಿತು. ಟ್ರೈವೇಲೆಂಟ್ ಮಣ್ಣಿಗೆ ಅಂಟಿಕೊಳ್ಳುತ್ತದೆ, ತಳ ಸೇರುತ್ತದೆ. ಹೆಕ್ಸಾವೇಲೆಂಟ್ ಕ್ರೋಮೇಟ್ ಆಗಿ ಋಣ ವಿದ್ಯುದಂಶ ಹೊತ್ತಿರುತ್ತದೆ. ಜೇಡಿಯ ಕಣವೂ ಬಹುಮಟ್ಟಿಗೆ ಋಣವೇ. ಒಂದನ್ನೊಂದು ತಳ್ಳುತ್ತವೆ. ನೀರು ಹೋದಲ್ಲಿಗೆಲ್ಲ ಹೋಗುತ್ತದೆ, ಬಿರುಕಿಗೆ ಇಳಿದರೆ ಕೇಳುವುದೇ ಬೇಡ. ಶುದ್ಧ ಮಾಡುವಾಗ ಆ ಗುಣವನ್ನೇ ತಿರುಗಿಸುತ್ತಾರೆ. ನೀರನ್ನು ಮೇಲೆತ್ತಿ, ಫೆರಸ್ ಸಲ್ಫೇಟ್ ಹಾಕಿ ಟ್ರೈವೇಲೆಂಟ್ ಮಾಡಿ, ಸುಣ್ಣ ಹಾಕಿ ಪಿಎಚ್ ಏರಿಸಿದರೆ ಕ್ರೋಮಿಯಂ ಗಸಿಯಾಗಿ ಕೆಳಗೆ ಕೂರುತ್ತದೆ. ಆ ಗಸಿಯೂ ಅಪಾಯಕಾರಿ ತ್ಯಾಜ್ಯವೇ. ಅದನ್ನು ರಾಜಕಾಲುವೆಗೆ ಸುರಿದರೆ ಮತ್ತೆ ಮೊದಲಿನಿಂದ ಶುರು.

ಆ ಘಟನೆ ಆದ ಮೇಲೆ ಬಾಟಲಿ ಹೊರುವುದು ಕೀಳು ಕೆಲಸ ಅಂತ ಅನ್ನಿಸಲಿಲ್ಲ. ಬೋರ್‌ವೆಲ್ ಆನ್ ಮಾಡಿದ ತಕ್ಷಣ ಬಂದ ನೀರು ಪೈಪಿನಲ್ಲಿ ನಿಂತ ನೀರು. ಹದಿನೈದು ಇಪ್ಪತ್ತು ನಿಮಿಷ ಓಡಿಸಿ, ಮೀಟರಿನಲ್ಲಿ ವಿದ್ಯುತ್ ವಾಹಕತೆ (ಕರಗಿದ ಲವಣ ಹೆಚ್ಚಿದಷ್ಟೂ ಇದು ಏರುತ್ತದೆ), ಪಿಎಚ್ ಅಲುಗಾಡದೆ ನಿಂತ ಮೇಲೆ ಹಿಡಿಯಬೇಕು. ಮಾಲೀಕರು "ಕರೆಂಟ್ ಬಿಲ್ ಯಾರು ಕಟ್ತಾರೆ" ಅಂತಾರೆ. ನಗುತ್ತಾ ನಿಲ್ಲಬೇಕು. ಮಣ್ಣಿನ ಸ್ಯಾಂಪಲ್ ಇನ್ನೂ ಮೋಸದ್ದು. ಕ್ರೋಮಿಯಂ, ನಿಕ್ಕಲ್ ಹುಡುಕುವಾಗ ಸ್ಟೀಲ್ ಸಲಿಕೆ ಬಳಸಿದರೆ ಸಲಿಕೆಯದೇ ಲೋಹ ಸೇರಬಹುದು. ಪ್ಲಾಸ್ಟಿಕ್ ಕರಣೆ ಒಯ್ಯುತ್ತೇನೆ. ಪೆಟ್ರೋಲ್ ಸೋರಿದ ಜಾಗದ ಮಣ್ಣನ್ನು ತೆರೆದು ಒಣಗಿಸಿದರೆ ಬೆಂಜೀನ್ ಗಾಳಿಗೆ ಹೋಗಿ ಎಲ್ಲ ಶುದ್ಧವಾಗಿ ಕಾಣುತ್ತದೆ. ಹಾಗೇ, ಕೆಟ್ಟ ಜಾಗದ ಜೊತೆ ಪಕ್ಕದ ಕೆಡದ ಜಾಗದ ಮಣ್ಣನ್ನೂ ತರಬೇಕು. ಅದಿಲ್ಲದೆ ಈ ನಿಕ್ಕಲ್ ಕಾರ್ಖಾನೆಯದಾ, ಕಲ್ಲಿನದೇ ಆ ಗುಣವಾ ಅಂತ ಹೇಳುವುದು ಹೇಗೆ?

ಕಲ್ಲಿನದಾ, ಮನುಷ್ಯರದಾ ಅನ್ನುವ ಈ ಪ್ರಶ್ನೆಗೇ ನಮ್ಮನ್ನು ಜಾಸ್ತಿ ಕರೆಯುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಫ್ಲೋರೈಡ್ ಜಾಸ್ತಿ ಬಂದರೆ ಅದು ಗ್ರಾನೈಟ್, ಗ್ನೈಸ್ ಖನಿಜಗಳಿಂದ ಕರಗಿ ಬಂದದ್ದು. ಕಾರ್ಖಾನೆಯನ್ನು ಬೈದು ಪ್ರಯೋಜನ ಇಲ್ಲ. ಬೆಂಗಳೂರಿನ ಬಡಾವಣೆಯಲ್ಲಿ ನೈಟ್ರೇಟ್ ಮತ್ತು ಕ್ಲೋರೈಡ್ ಎರಡೂ ಒಟ್ಟಿಗೆ ಏರಿದ್ದರೆ ನಾನು ಮೊದಲು ಹುಡುಕುವುದು ಕಕ್ಕಸಿನ ಪಿಟ್ ಎಲ್ಲಿದೆ ಅಂತ. ಕ್ಲೋರೈಡ್ ದಾರಿಯಲ್ಲಿ ಯಾರ ಜೊತೆಗೂ ಸೇರುವುದಿಲ್ಲ, ಬಂದ ಹಾಗೇ ಬರುತ್ತದೆ. ನಂಬಬಹುದಾದ ಸಾಕ್ಷಿ.

ಲ್ಯಾಬ್ ರಿಪೋರ್ಟ್ ಓದುವುದನ್ನು ಯಾವ ಕೋರ್ಸಿನಲ್ಲೂ ಸರಿಯಾಗಿ ಕಲಿಸುವುದಿಲ್ಲ. ಎರಡು ಉದಾಹರಣೆ ಹೇಳುತ್ತೇನೆ. ಒಂದು ರಿಪೋರ್ಟಿನಲ್ಲಿ ಕ್ಲೋರೈಡ್ 180 ಮಿಲಿಗ್ರಾಂ, ವಾಹಕತೆ 300 ಮೈಕ್ರೋಸೀಮೆನ್ಸ್ ಅಂತ ಇತ್ತು. ಸಾಧ್ಯವೇ ಇಲ್ಲ. 180ನ್ನು ಕ್ಲೋರೈಡಿನ ತೂಕ 35.5ರಿಂದ ಭಾಗಿಸಿದರೆ ಸುಮಾರು 5 ಮಿಲಿ ಈಕ್ವಿವಲೆಂಟ್, ಅಂದರೆ ವಿದ್ಯುದಂಶದ ಲೆಕ್ಕದಲ್ಲಿ ಕ್ಲೋರೈಡ್ ಎಷ್ಟಿದೆ ಅಂತ. ಅದನ್ನು ನೂರರಿಂದ ಗುಣಿಸಿದರೆ ಅಂದಾಜು ವಾಹಕತೆ. ಕ್ಲೋರೈಡ್ ಒಂದಕ್ಕೇ 500 ಬರಬೇಕು. ಯಾರೋ ಬೇರೆ ಬಾಟಲಿಯ ಅಂಕಿ ಬರೆದಿದ್ದರು. ಇನ್ನೊಂದು, ನೈಟ್ರೇಟ್. ನಮ್ಮ ಮಿತಿ 45 ಮಿಲಿಗ್ರಾಂ. ಒಂದು ಅಪಾರ್ಟ್‌ಮೆಂಟಿನ ರಿಪೋರ್ಟ್ 12 ಅಂತಿತ್ತು, ಎಲ್ಲರೂ ಖುಷಿ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ "ನೈಟ್ರೋಜನ್ ಆಗಿ" ಅಂತ ಬರೆದಿತ್ತು. ಅಂದರೆ ಅದು ನೈಟ್ರೇಟಿನೊಳಗಿನ ನೈಟ್ರೋಜನ್ ತೂಕ ಮಾತ್ರ, ಪೂರ್ತಿ ನೈಟ್ರೇಟ್ ತಿಳಿಯಲು 4.43ರಿಂದ ಗುಣಿಸಬೇಕು. 53. ಮಿತಿ ದಾಟಿದೆ. ಅಸೋಸಿಯೇಶನ್ ಸಭೆಯಲ್ಲಿ ಇದನ್ನು ಹೇಳಿದ ದಿನ ನನಗೆ ಕಾಫಿಯೂ ಸಿಗಲಿಲ್ಲ.

ಆ ಕನ್ಸಲ್ಟೆನ್ಸಿಯನ್ನು ಬಿಟ್ಟದ್ದು ಒಂದು ಫೋನ್ ಕರೆಯಿಂದ. ಒಬ್ಬ ಗ್ರಾಹಕರ ವರದಿಯಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡಿ" ಅಂದರು. ಕೆಟ್ಟ ಸ್ಯಾಂಪಲ್ ಬಿಟ್ಟು ಒಳ್ಳೆಯದನ್ನಷ್ಟೇ ಹಾಕಬೇಕಂತೆ. ಅಂಕಿ ತಿದ್ದಿ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಯಾವ ಬೋರ್‌ವೆಲ್ ಆರಿಸಿದಿರಿ ಅನ್ನುವುದರಲ್ಲೇ ಎಲ್ಲ ಆಗಿಹೋಗುತ್ತದೆ. ನಾನು ದೊಡ್ಡ ಹೋರಾಟವೇನೂ ಮಾಡಲಿಲ್ಲ. ನನ್ನ ಸಹಿ ಹಾಕುವುದಿಲ್ಲ ಅಂದೆ. ಎರಡು ತಿಂಗಳಲ್ಲಿ ಬೇರೆ ಕೆಲಸ ಹುಡುಕಿಕೊಂಡೆ. ಆ ಎರಡು ತಿಂಗಳು ನಿದ್ದೆ ಬರಲಿಲ್ಲ.

ನಡುವೆ ಸರ್ಕಾರಿ ಕೆಲಸಕ್ಕೂ ಪ್ರಯತ್ನಪಟ್ಟೆ. ಕೇಂದ್ರ ಅಂತರ್ಜಲ ಮಂಡಳಿಯ ಹೈಡ್ರೋಜಿಯಾಲಜಿಸ್ಟ್ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ಬರೆಯಬೇಕು. ಪ್ರಿಲಿಮ್ಸ್ 400, ಮೇನ್ಸ್ 600, ಸಂದರ್ಶನ 200 ಅಂಕ. ಎರಡು ಸಲ ಬರೆದೆ. ಒಮ್ಮೆ ಪ್ರಿಲಿಮ್ಸ್‌ನಲ್ಲೇ ಹೋಯಿತು, ಒಮ್ಮೆ ಮೇನ್ಸ್‌ನಲ್ಲಿ. ಆದರೆ ಆ ಓದು ದಂಡವಾಗಲಿಲ್ಲ. ಪಂಪಿಂಗ್ ಟೆಸ್ಟಿನ (ಬಾವಿಯಿಂದ ನೀರೆತ್ತಿ ಮಟ್ಟ ಎಷ್ಟು ಇಳಿಯುತ್ತದೆ ಅಂತ ನೋಡುವ ಪರೀಕ್ಷೆ) ಲೆಕ್ಕ ನನಗೆ ನಿಜವಾಗಿ ಅರ್ಥವಾಗಿದ್ದು ಆ ತಯಾರಿಯಲ್ಲೇ. ಗೇಟ್ ಬರೆಯುವವರಿಗೆ ಜಿಯಾಲಜಿ ಮತ್ತು ಜಿಯೋಫಿಸಿಕ್ಸ್ ಪೇಪರ್ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಹುದ್ದೆಗಳಲ್ಲಿ ಯಾವ ಡಿಗ್ರಿ ಕೇಳಿದ್ದಾರೆ ಅಂತ ಪ್ರಕಟಣೆಯನ್ನು ಪೂರ್ತಿ ಓದಿ ನೋಡಿ. ಪರಿಸರ ಎಂಜಿನಿಯರಿಂಗ್ ಮಾತ್ರ ಕೇಳಿದ್ದರೆ ಜಿಯಾಲಜಿಯವರು ಅರ್ಜಿ ಶುಲ್ಕ ಉಳಿಸಿಕೊಳ್ಳುವುದೇ ಒಳ್ಳೆಯದು.

ಖಾಸಗಿ ಕಡೆ ಇರುವುದು ಮುಖ್ಯವಾಗಿ ಪರಿಸರ ಪರಿಣಾಮ ವರದಿಯ ಕೆಲಸ. ಆ ಕಂಪನಿಗಳಿಗೆ ನ್ಯಾಬೆಟ್ ಅನ್ನುವ ಮಂಡಳಿಯ ಮಾನ್ಯತೆ ಬೇಕು. ಅದರಲ್ಲಿ ಜಲಭೂವಿಜ್ಞಾನ, ಭೂವಿಜ್ಞಾನ, ಮಣ್ಣು, ಜಲಮಾಲಿನ್ಯ ಅಂತ ಒಂದೊಂದಕ್ಕೂ ಪರಿಣತರು ಇರಬೇಕು. ನಮ್ಮಂಥವರಿಗೆ ಜಾಗ ಅಲ್ಲೇ. 2025ರಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೇ ಅಂತ ಕೇಂದ್ರದ ನಿಯಮಗಳು ಬಂದವು. ಕೆಟ್ಟ ಮಣ್ಣನ್ನು ಗುರುತಿಸಿ, ಎಷ್ಟು ಹರಡಿದೆ ಅಂತ ಅಳೆದು, ಕೆಡಿಸಿದವರಿಂದ ಸರಿ ಮಾಡಿಸುವ ದಾರಿ. ಅಳೆಯುವವರು ಬೇಕೇ ಬೇಕಲ್ಲ. ಸಾಫ್ಟ್‌ವೇರ್ ಬಗ್ಗೆ ಕೇಳುತ್ತಾರೆ: ನಕ್ಷೆ ಮಾಡುವ ಕ್ಯೂಜಿಐಎಸ್ ಉಚಿತ, ಅಂತರ್ಜಲದ ಹರಿವು ಲೆಕ್ಕ ಹಾಕುವ ಮಾಡ್‌ಫ್ಲೋ ಕೂಡ ಉಚಿತ. ದುಡ್ಡು ಕೊಟ್ಟು ಕೋರ್ಸ್ ಸೇರುವ ಮುಂಚೆ ನಿಮ್ಮ ಬೀದಿಯ ಹತ್ತು ಬೋರ್‌ವೆಲ್ ನಕ್ಷೆ ಮಾಡಿ ನೋಡಿ. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ ಬೀದಿಗೆಲ್ಲ ಟ್ಯಾಂಕರ್ ಬಂದಾಗ ನಾನು ಮಾಡಿದ್ದೂ ಇದನ್ನೇ. ಅಕ್ಕಪಕ್ಕದ ಮನೆಯವರು ಬಾಟಲಿ ಹಿಡಿದು ಗೇಟಿನ ಮುಂದೆ ನಿಂತಿದ್ದರು.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ಬೇರೆಯವರ ಬಾವಿಗೆಲ್ಲ ಮೀಟರ್ ಇಳಿಸುತ್ತಿದ್ದವಳು ನಮ್ಮ ಬಾವಿಯನ್ನು ಸರಿಯಾಗಿ ನೋಡಿದ್ದು ಮೂರು ವರ್ಷದ ಹಿಂದೆ. ಎಂಎಸ್ಸಿ ಮಾಡಿದ ಜಂಬದಲ್ಲಿ, ಬಂಡೆಯ ಬಿರುಕಿನಿಂದ ಕಾಲುವೆ ನೀರು ಬಂದಿದೆ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಕರಿ ಬಂಡೆಯನ್ನು ಸುತ್ತಿಗೆಯಿಂದ ಒಡೆದು ನೋಡಿದೆ. ಅದು ಡೊಲೆರೈಟ್ ಡೈಕ್, ಗ್ನೈಸಿನ ನಡುವೆ ಗೋಡೆಯ ಹಾಗೆ ಎದ್ದ ಶಿಲೆ. ಕಾಲುವೆ ಕಡೆಯ ಬಾವಿಗಳಲ್ಲಿ ನೀರಿನ ಮಟ್ಟ ಒಂದು, ನಮ್ಮ ಕಡೆ ಇನ್ನೊಂದು, ನಾಲ್ಕು ಮೀಟರ್ ವ್ಯತ್ಯಾಸ. ಅಂದರೆ ಬಂಡೆ ನೀರನ್ನು ತಡೆದಿತ್ತು. ಅಪ್ಪ ಹೇಳಿದ್ದು ಸರಿ. ಹಾಗಾದರೆ ಹೇಗೆ ಬಂತು?

ಆರು ತಿಂಗಳು ವಾರಕ್ಕೊಮ್ಮೆ ವಾಹಕತೆ ಅಳೆದೆ. ಬಾವಿಗಿಂತ ಮೇಲಿನ ಹುಲ್ಲಿನ ಹೊಲಕ್ಕೆ ನೀರು ಹಾಯಿಸಿದ ಮೂರನೇ ವಾರಕ್ಕೆ ಬಾವಿಯ ಅಂಕಿ ಏರುತ್ತಿತ್ತು. ಕ್ಲೋರೈಡ್, ನೈಟ್ರೇಟ್ ಎರಡೂ. ಕಾಲುವೆಯ ನೀರನ್ನು ಪೈಪ್ ಹಾಕಿ ಬಂಡೆ ದಾಟಿಸಿದ್ದು ನಾವೇ. ಹುಲ್ಲಿಗೆ ಬಿಟ್ಟ ನೀರು ಗರಸಿನಲ್ಲಿ ಇಳಿದು, ಕೊಳೆತ ಕಲ್ಲಿನ ಮೇಲೆ ಜಾರಿ, ಸೀದಾ ಬಾವಿಗೆ. ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಹಂಗಾದ್ರೆ ಬಂಡೆ ಮೋಸ ಮಾಡಿಲ್ಲ" ಅಂದರು.

ಮೇಲಿನ ಹೊಲಕ್ಕೆ ಈಗ ಕಾಲುವೆ ನೀರು ಇಲ್ಲ, ಮಳೆಗೆ ಬಂದಷ್ಟು ರಾಗಿ. ಹುಲ್ಲಿನ ಆದಾಯ ಹೋಯಿತು, ಅಮ್ಮನಿಗೆ ಅದರ ಸಿಟ್ಟು ಇದ್ದೇ ಇದೆ. ವಾಹಕತೆ ಅಳೆಯುವ ಹಳೆಯ ಮೀಟರ್ ಒಂದನ್ನು ಅಪ್ಪನಿಗೆ ಕೊಟ್ಟಿದ್ದೇನೆ. ತಿಂಗಳಿಗೊಮ್ಮೆ ಅಳೆದು ಪಂಪ್‌ಹೌಸಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮೊದಲ ಸಾಲಿನಲ್ಲಿ 2,340 ಇದೆ. ಎರಡು ಮಳೆಗಾಲ ಕಳೆದ ಮೇಲೆ, ಹೋದ ತಿಂಗಳು, 1,980. ಬೇಳೆ ಇನ್ನೂ ಬೇಯುತ್ತಿಲ್ಲ.